ಅರಿವಳಿಕೆ ಲೇಪ

ಲೇಸರ್‌ನಿಂದ ಕೂದಲು ತೆಗೆಯುವುದು, ಮೊಡವೆ ಕಲೆಗೆ ಸೂಜಿ ಚಿಕಿತ್ಸೆ, ತುಟಿಗೆ ಫಿಲ್ಲರ್ ತುಂಬುವುದು ಮೊದಲಾದ ಚಿಕಿತ್ಸೆಗಳಿಗೆ ಮುನ್ನ, ನೋವು ತಿಳಿಯದಂತೆ ಚರ್ಮದ ಮೇಲೆ ಹಚ್ಚುವ ಕ್ರೀಮ್ ಅಥವಾ ಜೆಲ್. ಇದು ಪ್ರಜ್ಞೆ ತಪ್ಪಿಸುವುದಿಲ್ಲ. ಹಚ್ಚಿದ ಜಾಗ ಮಾತ್ರ ಮರಗಟ್ಟುತ್ತದೆ.

1884ರಲ್ಲಿ ವಿಯೆನ್ನಾದ ವೈದ್ಯ ಕಾರ್ಲ್ ಕೋಲರ್, ಕೊಕೇನ್ ದ್ರಾವಣದ ಹನಿ ಹಾಕಿ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದ. ಕಣ್ಣಿನ ತೇವದ ಪೊರೆಯೊಳಗೆ ಸುಲಭವಾಗಿ ಇಳಿದ ಔಷಧ ಮೈಚರ್ಮದೊಳಗೆ ಇಳಿಯಲಿಲ್ಲ. ಸತ್ತ ಜೀವಕೋಶ ಮತ್ತು ಕೊಬ್ಬಿನಿಂದಾದ ಹೊರಪದರವೇ ಅದಕ್ಕೆ ಅಡ್ಡ. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಮತ್ತು ಬೆಂಗ್ಟ್ ಲುಂಡ್‌ಕ್ವಿಸ್ಟ್ 1943ರಲ್ಲಿ ತಯಾರಿಸಿದ ಲಿಡೋಕೇನ್ ಎಂಬ ಅರಿವಳಿಕೆ ಕೂಡ ಬಹುಕಾಲ ಚುಚ್ಚುಮದ್ದಾಗಿಯೇ ಹೆಚ್ಚು ಬಳಕೆಯಾಯಿತು. ದಾರಿ ತೆರೆದದ್ದು 1980ರ ದಶಕದಲ್ಲಿ. ಲಿಡೋಕೇನ್ ಮತ್ತು ಅದೇ ಬಗೆಯ ಪ್ರಿಲೋಕೇನ್ ಒಂಟಿಯಾಗಿದ್ದಾಗ ಹರಳುಗಳು. ಸಮನಾಗಿ ಬೆರೆಸಿದರೆ ಕೋಣೆಯ ಉಷ್ಣತೆಯಲ್ಲೇ ಎಣ್ಣೆಯಂತೆ ಕರಗುತ್ತವೆ. ಹೀಗೆ ಎರಡೂ ಶೇ. 2.5ರಷ್ಟಿರುವ, ಎಮ್ಲಾ ಹೆಸರಿನ ಕ್ರೀಮ್ ಬಂತು. ಭಾರತದ ಔಷಧ ಅಂಗಡಿಗಳಲ್ಲೂ ಇದೇ ಜೋಡಿ ಬೇರೆ ಬೇರೆ ಹೆಸರಿನಲ್ಲಿ ಸಿಗುತ್ತದೆ.

ನರತಂತುಗಳ ಪೊರೆಯಲ್ಲಿ ಸೋಡಿಯಂ ಒಳಹೋಗುವ ರಂಧ್ರಗಳನ್ನು ಔಷಧ ಮುಚ್ಚುವುದರಿಂದ ನೋವಿನ ಸಂಕೇತ ಮುಂದೆ ಸಾಗುವುದಿಲ್ಲ. ಕ್ರೀಮನ್ನು ದಪ್ಪನಾಗಿ ಹಚ್ಚಿ ಮೇಲೆ ತೆಳು ಹಾಳೆ ಅಂಟಿಸಿ ಒಂದು ಗಂಟೆ ಬಿಟ್ಟರೆ ಸುಮಾರು 3 ಮಿ.ಮೀ. ಆಳದವರೆಗೆ, ಎರಡು ಗಂಟೆ ಬಿಟ್ಟರೆ 5 ಮಿ.ಮೀ. ವರೆಗೆ ಮರಗಟ್ಟುತ್ತದೆ. ಚಿಕಿತ್ಸೆಗೆ ಮುನ್ನ ಪೂರ್ತಿ ಒರೆಸಿ ತೆಗೆಯಬೇಕು. ಕಣ್ಣಿಗೆ ತಾಗಿದರೆ ಪಾರದರ್ಶಕ ಪಟಲ ಗಾಯಗೊಳ್ಳಬಹುದು.

ಹಾಳೆ ಸುತ್ತುವುದರಿಂದ ಕ್ರೀಮ್ ಚೆನ್ನಾಗಿ ಕೆಲಸ ಮಾಡುತ್ತದೆ. ಅಪಾಯ ಇರುವುದೂ ಅಲ್ಲೇ. ಮುಚ್ಚಿದ ಬಿಸಿ ಚರ್ಮ ಔಷಧವನ್ನು ಹೆಚ್ಚು ಹೀರಿ ರಕ್ತಕ್ಕೆ ಬಿಡುತ್ತದೆ. ಅಮೆರಿಕದಲ್ಲಿ 22 ಮತ್ತು 25 ವರ್ಷದ ಇಬ್ಬರು ಯುವತಿಯರು ಲೇಸರ್‌ಗೆ ಮುನ್ನ ಕಾಲುಗಳಿಗೆ ಪ್ರಬಲ ಲೇಪ ಹಚ್ಚಿ ಪ್ಲಾಸ್ಟಿಕ್ ಸುತ್ತಿಕೊಂಡಿದ್ದರು. ಸೆಳವು ಬಂದು, ಕೋಮಾಕ್ಕೆ ಜಾರಿ ಸತ್ತರು. ಅಲ್ಲಿನ ಆಹಾರ ಮತ್ತು ಔಷಧ ಆಡಳಿತ 2007ರಲ್ಲಿ ಈ ಬಗ್ಗೆ ಎಚ್ಚರಿಸಿತು. 2024ರಲ್ಲಿ ಮತ್ತೆ, ವೈದ್ಯರ ಚೀಟಿಯಿಲ್ಲದೆ ಮಾರುವ, ಶೇ. 4ಕ್ಕಿಂತ ಹೆಚ್ಚು ಲಿಡೋಕೇನ್ ಇರುವ ಲೇಪಗಳನ್ನು ಬಳಸಬಾರದೆಂದು ಹೇಳಿತು. ಮುಖದ ಚಿಕ್ಕ ಕಲೆಗೆ ಹಚ್ಚುವುದಕ್ಕೂ ಎರಡು ಕಾಲುಗಳಿಗೆ ಬಳಿಯುವುದಕ್ಕೂ ಇರುವ ಅಂತರವನ್ನು ಮಾರುವವರು ಹೇಳುವುದು ಅಪರೂಪ. ಗಾಯವಾದ, ಆಗಷ್ಟೇ ಸೂಜಿಯಾಡಿದ ಚರ್ಮದಲ್ಲಿ ತಡೆಯೇ ಇರುವುದಿಲ್ಲವಾದ್ದರಿಂದ ಅಪಾಯ ಇನ್ನೂ ಹೆಚ್ಚು.

ಪ್ರಿಲೋಕೇನ್‌ನದು ಬೇರೆ ತೊಂದರೆ. ಅದು ಹಿಮೊಗ್ಲೋಬಿನ್ನಿನ ರೂಪ ಬದಲಿಸಿ, ಆಮ್ಲಜನಕ ಹೊರುವ ಶಕ್ತಿಯನ್ನು ಕುಂದಿಸಬಲ್ಲದು. ತುಟಿ, ಉಗುರು ನೀಲಿಗಟ್ಟುತ್ತವೆ. ಎಳೆಗೂಸುಗಳೂ ಜಿ6ಪಿಡಿ ಕಿಣ್ವದ ಕೊರತೆಯುಳ್ಳವರೂ ಇದಕ್ಕೆ ಬೇಗ ತುತ್ತಾಗುತ್ತಾರೆ.

ನಮ್ಮಂಥ ಕಂದು ಮೈಬಣ್ಣದವರು ಗಮನಿಸಬೇಕಾದ್ದು ಇನ್ನೊಂದಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಲೇಸರ್ ಬೆಳಕನ್ನು ಹೀರುವುದರಿಂದ ಇಂಥ ಚರ್ಮ ಬೇಗ ಸುಡಬಹುದು. ಮರಗಟ್ಟಿದ ಮೇಲೆ ಸುಡುತ್ತಿರುವುದು ಹೇಳಲು ನೋವೂ ಇರುವುದಿಲ್ಲ.

ಬಾಯಿಯ ಸುತ್ತ ಜುಮುಗುಡುವುದು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಡುವುದು, ತಲೆಸುತ್ತು ಔಷಧ ಮೈಗೆ ವಿಷವಾಗುತ್ತಿರುವುದರ ಮೊದಲ ಲಕ್ಷಣಗಳು. ಆಗ ಕ್ರೀಮನ್ನು ತಕ್ಷಣ ತೊಳೆದು ಆಸ್ಪತ್ರೆಗೆ ಹೋಗಬೇಕು. ಹಚ್ಚಿದ ಕ್ರೀಮಿನ ಟ್ಯೂಬನ್ನೂ ಜೊತೆಗೆ ಒಯ್ಯಬೇಕು.