ಊರಿನ ದತ್ತಿ, ಹೊರಗಿನವರ ಶಾಲೆ: ಹ್ಯಾರೋ ಮತ್ತು ರಗ್ಬಿಯ ಹುಡುಗರ ಜಗಳದ ಪೂರ್ವೇತಿಹಾಸ

ಇಂಗ್ಲೆಂಡಿನ ಸಿರಿವಂತ ವಸತಿಶಾಲೆಗಳ ಹುಡುಗರಿಗೂ ಸುತ್ತಲಿನ ಊರ ಹುಡುಗರಿಗೂ ನಡೆಯುತ್ತಿದ್ದ ಜಗಳವನ್ನು ಶಾಲಾ ಚರಿತ್ರೆಗಳು ಸಾಮಾನ್ಯವಾಗಿ ಹುಡುಗಾಟದ ಅಧ್ಯಾಯಕ್ಕೆ ಸೇರಿಸಿಬಿಡುತ್ತವೆ. ಕಲ್ಲೆಸೆತ, ಬೈಗುಳ, ಥೇಮ್ಸ್ ದಂಡೆಯಲ್ಲಿ ಈಟನ್ ಹುಡುಗರಿಗೂ ದೋಣಿಯಾಳುಗಳಿಗೂ ಗುದ್ದಾಟ: ಇವೆಲ್ಲ ವಯಸ್ಸಾದ ಹಳೆ ವಿದ್ಯಾರ್ಥಿಗಳು ನಗುತ್ತ ನೆನೆಯುವ ಸಂಗತಿಗಳು. ನ್ಯಾಯಾಲಯದ ಕಡತಗಳ ಕಡೆಯಿಂದ ನೋಡಿದರೆ ಚಿತ್ರ ಬೇರೆ. ಹ್ಯಾರೋ ಮತ್ತು ರಗ್ಬಿಯ ಮಟ್ಟಿಗಂತೂ ಇದು ಮೂಲದಲ್ಲಿ ಆಸ್ತಿಯ ಜಗಳ. ಊರ ಮಕ್ಕಳಿಗೆಂದು ಬಿಟ್ಟ ದತ್ತಿಯನ್ನು ಉಣ್ಣಬೇಕಾದವರು ಯಾರು ಎಂಬ ಪ್ರಶ್ನೆಗೆ ದೊಡ್ಡವರು ದಾವೆ ಹೂಡಿದರು. ಹುಡುಗರು ಅದನ್ನೇ ಬೀದಿಯಲ್ಲಿ ಆಡಿದರು.

ಹ್ಯಾರೋ ಶಾಲೆಯನ್ನು ಕಟ್ಟಿಸಿದವನು ದೊರೆಯಲ್ಲ, ಬಿಷಪ್ ಅಲ್ಲ. ಅದೇ ಪ್ಯಾರಿಷ್‌ನ ಪ್ರೆಸ್ಟನ್ ಎಂಬ ಹಳ್ಳಿಯ ಅನುಕೂಲಸ್ಥ ರೈತ ಜಾನ್ ಲಯಾನ್. 1572ರಲ್ಲಿ ಒಂದನೆಯ ಎಲಿಜಬೆತ್ ರಾಣಿಯಿಂದ ಸನ್ನದು ಪಡೆದ. 1592ರಲ್ಲಿ ತೀರಿಕೊಂಡ. ಅವನ ಹೆಂಡತಿಯ ಕಾಲವೂ ಮುಗಿದ ಮೇಲೆ, 1615ರಲ್ಲಿ, ಶಾಲೆಯ ಕಟ್ಟಡ ತೆರೆಯಿತು. ಪ್ಯಾರಿಷ್‌ನ ಹುಡುಗರಿಗೆ ಬಿಟ್ಟಿ ಓದು ಎಂಬುದು ಲಯಾನ್ ಬರೆಸಿದ ನಿಯಮಾವಳಿಯ ಮುಖ್ಯ ಮಾತು. ಅದರ ಜತೆಗೇ ಇನ್ನೊಂದು ಸಣ್ಣ ಅನುಮತಿಯೂ ಇತ್ತು: ಉಪಾಧ್ಯಾಯ ಬೇಕಾದರೆ ಹೊರ ಊರುಗಳ ಹುಡುಗರನ್ನೂ ಸೇರಿಸಿಕೊಳ್ಳಬಹುದು, ಅವರಿಂದ ಹಣ ಪಡೆಯಬಹುದು.

ರಗ್ಬಿಯ ಕಥೆ ಇದಕ್ಕೆ ಹತ್ತಿರದ್ದೇ. ಲಾರೆನ್ಸ್ ಶೆರಿಫ್ ಲಂಡನ್ನಿನಲ್ಲಿ ಕಿರಾಣಿ ವ್ಯಾಪಾರಿ, ಎಲಿಜಬೆತ್‌ಳ ಮನೆಗೆ ಸಂಬಾರ ಪದಾರ್ಥ ಒದಗಿಸುತ್ತಿದ್ದವನು. 1567ರಲ್ಲಿ ಸಾಯುವ ಮುನ್ನ ರಗ್ಬಿ ಮತ್ತು ಪಕ್ಕದ ಬ್ರೌನ್ಸೋವರ್‌ನ ಹುಡುಗರಿಗಾಗಿ ಶಾಲೆಯೊಂದಕ್ಕೆ ಉಯಿಲು ಬರೆದ. ಆ ದತ್ತಿಯಲ್ಲಿ ಲಂಡನ್ನಿನ ಹೊರಗಿನ ಸುಮಾರು 8 ಎಕರೆ ಹುಲ್ಲುಗಾವಲೂ ಸೇರಿತ್ತು. ನಗರ ಬೆಳೆದು ಆ ಹುಲ್ಲುಗಾವಲಿನ ಮೇಲೆ ಬೀದಿಗಳೆದ್ದವು, ಬಾಡಿಗೆ ಹಲವು ಪಟ್ಟು ಏರಿತು. ವಾರ್ವಿಕ್‌ಶೈರ್‌ನ ಒಂದು ಸಂತೆಯೂರಿನ ಶಾಲೆಗೆ ಲಂಡನ್ನಿನ ಬಾಡಿಗೆದಾರರ ಹಣ ಹರಿಯಿತು.

ಹಾಗಾದರೆ ಊರಿನವರು ಹೊರಗಾದದ್ದು ಹೇಗೆ? ಯಾರೂ ಒಂದು ದಿನ ಕೂತು ಸಂಚು ಹೂಡಿದಂತೆ ಕಾಣುವುದಿಲ್ಲ. ದತ್ತಿಯಲ್ಲಿ ಉಪಾಧ್ಯಾಯನ ಸಂಬಳ ಇಷ್ಟೇ ಎಂದು ಗೊತ್ತುಮಾಡಿಟ್ಟಿದ್ದರು. ಬೆಲೆಗಳು ಮಾತ್ರ ಏರುತ್ತಲೇ ಹೋದವು. ಹೊರಗಿನ ಹುಡುಗನೊಬ್ಬ ಬಂದರೆ ಶುಲ್ಕ ಬರುತ್ತಿತ್ತು, ಅವನಿಗೆ ಊಟ ವಸತಿ ಕೊಟ್ಟರೆ ಅದರಲ್ಲೂ ಲಾಭವಿತ್ತು. ಊರ ಹುಡುಗನಿಂದ ಏನೂ ಇಲ್ಲ. ಎರಡನೆಯ ಕಾರಣ ಪಾಠಪಟ್ಟಿ. ಬಿಟ್ಟಿಯಾಗಿ ಸಿಗುತ್ತಿದ್ದದ್ದು ಲ್ಯಾಟಿನ್, ಗ್ರೀಕ್. ಕಟುಕನ ಮಗನಿಗೆ, ಬಡಗಿಯ ಮಗನಿಗೆ ಬೇಕಾಗಿದ್ದದ್ದು ಲೆಕ್ಕ, ಬರಹ. 1805ರಲ್ಲಿ ಲೀಡ್ಸ್ ಶಾಲೆಯ ಪ್ರಕರಣದಲ್ಲಿ ನ್ಯಾಯಾಧೀಶ ಲಾರ್ಡ್ ಎಲ್ಡನ್, ಗ್ರಾಮರ್ ಶಾಲೆಯೆಂದರೆ ಈ ಪ್ರಾಚೀನ ಭಾಷೆಗಳನ್ನು ಕಲಿಸುವ ಶಾಲೆಯೇ ಎಂದು ಹಿಡಿದದ್ದರಿಂದ ಆ ಬಾಗಿಲೂ ಬಿಗಿಯಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ನಮ್ಮ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ, ಪೂಜಾರಿಯ ಹೊಟ್ಟೆಪಾಡೂ ಸುಳ್ಳಲ್ಲ ಎಂಬ ತಿದ್ದುಪಡಿಯೊಂದಿಗೆ.

ಹ್ಯಾರೋ ಪ್ಯಾರಿಷ್‌ನವರು ಚಾನ್ಸರಿ ನ್ಯಾಯಾಲಯಕ್ಕೆ ಹೋದರು. 1810ರಲ್ಲಿ ಸರ್ ವಿಲಿಯಂ ಗ್ರಾಂಟ್ ತೀರ್ಪು ಕೊಟ್ಟ. ಶಾಲೆ ಹೊರಗಿನವರಿಂದ ತುಂಬಿಹೋಗಿದೆ, ನಮ್ಮ ಮಕ್ಕಳಿಗೆ ಅಲ್ಲಿ ಜಾಗವಿಲ್ಲ ಎಂಬುದು ಊರಿನವರ ಅಹವಾಲು. ಸೇರಿದ ಕೆಲವೇ ಊರ ಹುಡುಗರನ್ನು ವಸತಿ ಹುಡುಗರು ಹೀಯಾಳಿಸುತ್ತಾರೆ, ಹಿಂಸಿಸುತ್ತಾರೆ ಎಂಬ ದೂರೂ ಅದರೊಳಗಿತ್ತು. ಬೀದಿಯ ಜಗಳ ಹೀಗೆ ದಾವೆಯ ಭಾಗವಾಯಿತು. ಹೊರಗಿನವರನ್ನು ಸೇರಿಸಿಕೊಳ್ಳಲು ಲಯಾನ್‌ನೇ ಒಪ್ಪಿದ್ದಾನಲ್ಲ ಎಂದು ನ್ಯಾಯಾಲಯ ಶಾಲೆಯ ಪರ ನಿಂತಿತು. ಶಾಲೆ ಉಳಿಯಲೆಂದು ಕೊಟ್ಟ ಅನುಮತಿ ಶಾಲೆಯನ್ನೇ ನುಂಗಿದೆಯೇ ಎಂಬ ಪ್ರಶ್ನೆ ನ್ಯಾಯಮೂರ್ತಿಯನ್ನು ಅಷ್ಟಾಗಿ ಕಾಡಿದಂತೆ ಕಾಣದು.

ದೂರಿನಲ್ಲಿದ್ದ ಆ ಹೀಯಾಳಿಕೆ ಹೇಗಿರುತ್ತಿತ್ತು ಎಂಬುದಕ್ಕೆ ನಮಗಿರುವ ಅತ್ಯುತ್ತಮ ಸಾಕ್ಷಿ ಕಾದಂಬರಿಕಾರ ಆಂಟನಿ ಟ್ರಾಲೋಪ್. ಅವನ ಮರಣದ ನಂತರ 1883ರಲ್ಲಿ ಹೊರಬಂದ ಆತ್ಮಚರಿತ್ರೆಯಲ್ಲಿ ಹ್ಯಾರೋದ ದಿನಗಳು ಮಾಗದ ಗಾಯದಂತಿವೆ. ಪ್ಯಾರಿಷ್‌ನಲ್ಲಿ ವಾಸವಿದ್ದ ಹಕ್ಕಿನಿಂದ ಬಿಟ್ಟಿ ಓದಿದ ಹುಡುಗ ಅವನು. ತೋಟದ ಮನೆಯಿಂದ ಶಾಲೆಗೆ ಮೂರು ಮೈಲಿ ಕೆಸರುದಾರಿ. ದಿನಕ್ಕೆ ಎರಡು ಬಾರಿ ಹೋಗಿಬರಬೇಕು, ಅಂದರೆ ಹನ್ನೆರಡು ಮೈಲಿ ನಡಿಗೆ. ಅದಕ್ಕೂ ಹಿಂದೆ, ಚಿಕ್ಕವನಿದ್ದಾಗಲೇ, ಒಮ್ಮೆ ಮುಖ್ಯೋಪಾಧ್ಯಾಯ ಬಟ್ಲರ್ ಬೀದಿಯಲ್ಲಿ ತಡೆದು ನಿಲ್ಲಿಸಿ, ಇಂಥ ಕೊಳಕು ಹುಡುಗನಿಂದ ಹ್ಯಾರೋ ಶಾಲೆಗೆ ಅವಮಾನವಾಗಬೇಕೇ ಎಂದು ಗದರಿದ್ದನ್ನು ಅವನು ಮರೆಯಲಿಲ್ಲ. ಗಮನಿಸಬೇಕಾದ್ದು, ಟ್ರಾಲೋಪ್ ಕೂಲಿಯವನ ಮಗನಲ್ಲ. ವಕೀಲಿ ಕೈಹತ್ತದೆ ಸಾಲದಲ್ಲಿ ಮುಳುಗಿದ ಬ್ಯಾರಿಸ್ಟರನ ಮಗ. ಅವನಿಗೇ ಈ ಪಾಡಾದರೆ ಕಮ್ಮಾರನ ಮಗ ಯಾಕೆ ಶಾಲೆಯ ಹೊಸಿಲು ತುಳಿಯಲಿಲ್ಲ ಎಂದು ಕೇಳಬೇಕಾಗಿಲ್ಲ.

ರಗ್ಬಿಯಲ್ಲಿ 1797ರ ನವೆಂಬರಿನಲ್ಲಿ ನಡೆದ ದಂಗೆ ಊರಿನ ಅಂಗಡಿಯೊಂದರಿಂದ ಶುರುವಾಯಿತು. ಹುಡುಗನೊಬ್ಬನ ಬಳಿ ಸಿಡಿಮದ್ದು ಸಿಕ್ಕಿತು. ಎಲ್ಲಿಂದ ತಂದೆ ಎಂದು ಮುಖ್ಯೋಪಾಧ್ಯಾಯ ಹೆನ್ರಿ ಇಂಗಲ್ಸ್ ಕೇಳಿದಾಗ ಅಂಗಡಿಯವನ ಹೆಸರು ಹೇಳಿದ. ಅಂಗಡಿಯವನು ಲೆಕ್ಕದ ಪುಸ್ತಕ ತೆರೆದು ತೋರಿಸಿದ. ಅದರಲ್ಲಿ ಇದ್ದದ್ದು ಚಹಾ. ನಿಜ ಹೇಳಿದ ಹುಡುಗನಿಗೆ ಸುಳ್ಳನೆಂದು ಏಟು ಬಿತ್ತು. ಗೆಳೆಯರು ಅಂಗಡಿಯ ಗಾಜು ಒಡೆದರು, ದಂಡ ಕಟ್ಟಿ ಎಂದರೆ ಕಟ್ಟೆವು ಎಂದರು, ಮುಖ್ಯೋಪಾಧ್ಯಾಯನ ತರಗತಿಯ ಬಾಗಿಲನ್ನೇ ಮದ್ದಿಟ್ಟು ಹಾರಿಸಿದರು. ಕೊನೆಗೆ ಊರಿನಲ್ಲಿದ್ದ ಸೈನಿಕರನ್ನು ಕರೆಸಬೇಕಾಯಿತು. ಶಾಲಾ ಚರಿತ್ರೆಗಳು ಇದನ್ನು ಗುರುವಿನ ವಿರುದ್ಧ ಶಿಷ್ಯರ ದಂಗೆ ಎನ್ನುತ್ತವೆ. ಊರ ಕಡೆಯಿಂದ ಓದಿದರೆ, ಈ ಹುಡುಗರ ಸಾಲದ ಖಾತೆಯ ಮೇಲೆ ಬದುಕಬೇಕಾಗಿದ್ದ ವ್ಯಾಪಾರಿಯ ಇಕ್ಕಟ್ಟೂ ಅದರಲ್ಲಿದೆ: ಮಾರದಿದ್ದರೆ ಗಿರಾಕಿ ಹೋದ, ಮಾರಿದರೆ ಶಾಲೆಯ ಕೋಪ.

ಥಾಮಸ್ ಆರ್ನಲ್ಡ್ ರಗ್ಬಿಯ ಮುಖ್ಯೋಪಾಧ್ಯಾಯನಾಗಿದ್ದ 1828ರಿಂದ 1842ರ ಅವಧಿಯನ್ನು ಸುಧಾರಣೆಯ ಕಾಲವೆಂದು ಕೊಂಡಾಡುವುದು ರೂಢಿ. ಅದೇ ಅವಧಿಯಲ್ಲಿ ಕೆಳ ತರಗತಿಗಳು ಸೊರಗಿದವು. ಮನೆಯಲ್ಲಿ ಖಾಸಗಿ ಪಾಠ ಹೇಳಿಸಲಾಗದ ಊರಿನವರ ಮಕ್ಕಳಿಗೆ ಮೇಲಿನ ತರಗತಿಯ ದಾರಿ ಇದರಿಂದ ಮುಚ್ಚಿತು. ಇದನ್ನು ಹಿಡಿದು ಊರಿನವರು ಚಾನ್ಸರಿಗೆ ಹೋದಾಗ ತೀರ್ಪು ಆರ್ನಲ್ಡ್‌ನ ವಿರುದ್ಧ ಬಂತು. ಆದರೂ ದತ್ತಿಯ ಲಾಭ ಕೂಲಿಯವರಿಗೆ ತಲುಪಲಿಲ್ಲ. ಬಿಟ್ಟಿ ಓದಿನ ಹಕ್ಕಿಗಾಗಿಯೇ ರಗ್ಬಿಗೆ ಬಂದು ಮನೆ ಹಿಡಿದ ಮರ್ಯಾದಸ್ಥ ವಿಧವೆಯರು, ನಿವೃತ್ತ ಅಧಿಕಾರಿಗಳು ಅದನ್ನು ಪಡೆದರು. ಊರಿನವ ಎಂಬ ಹೆಸರು ಕೂಡ ಹೊರಗಿನವರ ಪಾಲಾಯಿತು.

1861ರಲ್ಲಿ ನೇಮಕವಾದ ಕ್ಲಾರೆಂಡನ್ ಆಯೋಗ ಒಂಬತ್ತು ಶಾಲೆಗಳನ್ನು ಪರಿಶೀಲಿಸಿ 1864ರಲ್ಲಿ ವರದಿ ಕೊಟ್ಟಿತು. 1868ರ ಕಾಯಿದೆ ಅವುಗಳಲ್ಲಿ ಏಳಕ್ಕೆ ಅನ್ವಯವಾಯಿತು. ಸ್ಥಳೀಯರ ಹಳೆಯ ಹಕ್ಕಿಗೆ ಬದಲಾಗಿ ಅವರಿಗೆ ಬೇರೆ ಶಾಲೆ ಕಟ್ಟಿಕೊಡುವುದು ಪರಿಹಾರವೆನಿಸಿತು. ಹ್ಯಾರೋದಲ್ಲಿ ಮುಖ್ಯೋಪಾಧ್ಯಾಯ ವಾಹನ್ 1853ರಲ್ಲೇ ವ್ಯಾಪಾರಿಗಳ ಮಕ್ಕಳಿಗೆ ಪ್ರತ್ಯೇಕ ತರಗತಿ ತೆರೆದಿದ್ದ. ಅದರ ಮುಂದುವರಿಕೆಯಾಗಿ 1876ರಲ್ಲಿ ಲಯಾನ್‌ನ ಹೆಸರಿನ ಕೆಳಶಾಲೆ ಬಂತು. ರಗ್ಬಿಯಲ್ಲಿ 1878ರಲ್ಲಿ ಲಾರೆನ್ಸ್ ಶೆರಿಫ್ ಶಾಲೆ. ಸ್ಥಾಪಕನ ಹೆಸರು ಊರಿನವರಿಗೆ, ಅವನು ಬಿಟ್ಟ ಆಸ್ತಿಯ ದೊಡ್ಡ ಪಾಲು ದೊಡ್ಡ ಶಾಲೆಗೆ.

ಬೇರೆ ಶಾಲೆ ಕಟ್ಟಿ ಊರಿನವರನ್ನು ಹೊರಗಿಟ್ಟದ್ದು ಗೋಡೆಯ ಒಂದು ಕಡೆ; ಇನ್ನೊಂದು ಕಡೆ, ಶಾಲೆಯ ಹುಡುಗರನ್ನು ಒಳಗೇ ಇಡುವ ಕೆಲಸವನ್ನು ಆಟ ಮಾಡಿತು. ಈ ಮಾತಿಗೆ ಬೆಂಗಳೂರಿನ ನಂಟಿದೆ. ರಗ್ಬಿಯಲ್ಲಿ ಆರ್ನಲ್ಡ್‌ನ ಕೈಕೆಳಗೆ ಪಾಠ ಹೇಳಿದ ಜಾರ್ಜ್ ಕಾಟನ್ 1852ರಲ್ಲಿ ಮಾರ್ಲ್‌ಬರೋ ಶಾಲೆಗೆ ಮುಖ್ಯಸ್ಥನಾದ. ಅದರ ಹಿಂದಿನ ವರ್ಷವಷ್ಟೇ ಅಲ್ಲಿ ಹುಡುಗರು ದಂಗೆಯೆದ್ದಿದ್ದರು. ಬಿಡುವಿನಲ್ಲಿ ಅವರು ಸುತ್ತಲಿನ ಹೊಲಗದ್ದೆಗಳಿಗೆ ನುಗ್ಗುವುದು, ಕದ್ದು ಬೇಟೆಯಾಡುವುದು, ರೈತರ ಜತೆ ಕಾದಾಡುವುದು ನಡೆದೇ ಇತ್ತು. 1853ರಲ್ಲಿ ಕಾಟನ್ ಪೋಷಕರಿಗೆ ಸುತ್ತೋಲೆ ಬರೆದು, ಹುಡುಗರನ್ನು ಶಾಲೆಯ ಮೈದಾನದಲ್ಲೇ ಕಟ್ಟಿಹಾಕುವ ಕ್ರಮಬದ್ಧ ಆಟಗಳಿಗೆ ಒತ್ತು ಕೊಟ್ಟ. ಶೀಲ ಬೆಳೆಸುವ ಆಟ ಎಂಬ ತತ್ತ್ವಜ್ಞಾನ ಆಮೇಲೆ ಬೆಳೆಯಿತು. ಮೊದಲಿದ್ದದ್ದು ಊರಿನ ಜತೆ ತಂಟೆ ತಪ್ಪಿಸುವ ಉಪಾಯ ಎಂದು ನನ್ನ ಅಭಿಪ್ರಾಯ. ಮುಂದೆ ಕಲ್ಕತ್ತೆಯ ಬಿಷಪ್ ಆದ ಈ ಕಾಟನ್‌ನ ಹೆಸರಿನಲ್ಲೇ 1865ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ ಹುಟ್ಟಿತು.

ಆದರೆ ಬೇಲಿಯೊಳಗೆ ನಿಯಮ ಪಡೆದ ಆಟ ಬೇಲಿ ದಾಟಿತು. 1883ರ ಮಾರ್ಚ್ 31ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ಫುಟ್‌ಬಾಲಿನ ಎಫ್‌ಎ ಕಪ್ ಅಂತಿಮ ಪಂದ್ಯ. ಒಂದು ಕಡೆ ಈಟನ್‌ನ ಹಳೆ ವಿದ್ಯಾರ್ಥಿಗಳು. ಇನ್ನೊಂದು ಕಡೆ ಬ್ಲ್ಯಾಕ್‌ಬರ್ನ್ ಒಲಿಂಪಿಕ್: ನೇಕಾರರು, ನೂಲುವವರು, ನಲ್ಲಿ ಕೆಲಸದವರು. ಎರಕದ ಕಾರ್ಖಾನೆಯ ಒಡೆಯನೊಬ್ಬ ಹಣ ಹಾಕಿ ಈ ತಂಡವನ್ನು ಪಂದ್ಯಕ್ಕೆ ಮುನ್ನ ಕಡಲತೀರದ ಬ್ಲ್ಯಾಕ್‌ಪೂಲ್‌ಗೆ ಕಳಿಸಿ ತಯಾರಿ ಮಾಡಿಸಿದ್ದ. ಸಜ್ಜನರ ಆಟಕ್ಕೆ ಇಷ್ಟು ತಯಾರಿಯೇ ಎಂದು ಮೂಗು ಮುರಿದವರೂ ಇದ್ದರು. ಹೆಚ್ಚುವರಿ ಅವಧಿಯಲ್ಲಿ ನೂಲುಗಿರಣಿಯ ಕೆಲಸಗಾರ ಕಾಸ್ಟ್ಲಿ ಹೊಡೆದ ಗೋಲಿನಿಂದ ಒಲಿಂಪಿಕ್ 2–1ರಲ್ಲಿ ಗೆದ್ದಿತು. ಆಮೇಲೆ ಹಳೆ ವಿದ್ಯಾರ್ಥಿಗಳ ತಂಡಕ್ಕೆ ಆ ಕಪ್ ಮತ್ತೆ ಸಿಗಲಿಲ್ಲ. ಸಂಬಳಕ್ಕೆ ಆಡುವುದು 1885ರಲ್ಲಿ ಕಾನೂನುಬದ್ಧವಾಯಿತು.

ಆಟದಲ್ಲಿ ಸೋತದ್ದರಿಂದ ಶಾಲೆಗಳ ಸ್ಥಾನವೇನೂ ಕದಲಲಿಲ್ಲ. 1937ರ ಜುಲೈನಲ್ಲಿ, ಈಟನ್–ಹ್ಯಾರೋ ಕ್ರಿಕೆಟ್ ಪಂದ್ಯದ ದಿನ, ಲಾರ್ಡ್ಸ್ ಮೈದಾನದ ಹೊರಗೆ ಜಿಮ್ಮಿ ಸೈಮ್ ತೆಗೆದ ಚಿತ್ರ ಇವತ್ತಿಗೂ ಪತ್ರಿಕೆಗಳಲ್ಲಿ ವರ್ಗಭೇದದ ಸಂಕೇತವಾಗಿ ಅಚ್ಚಾಗುತ್ತದೆ: ಎತ್ತರದ ಟೋಪಿ ಇಟ್ಟ ಇಬ್ಬರು ಹ್ಯಾರೋ ಹುಡುಗರು, ಅವರನ್ನೇ ನೋಡುತ್ತ ನಿಂತ ಮೂವರು ಸ್ಥಳೀಯ ಹುಡುಗರು. ಅಲ್ಲಿ ಜಗಳವೇನೂ ಇರಲಿಲ್ಲ. ಹ್ಯಾರೋದವರು ಕಾರಿಗಾಗಿ ಕಾಯುತ್ತಿದ್ದರು, ಸ್ಥಳೀಯರು ಸಣ್ಣಪುಟ್ಟ ಕೆಲಸ ಮಾಡಿ ನಾಲ್ಕು ಕಾಸು ಗಳಿಸಲು ಬಂದಿದ್ದರು. ಚಿತ್ರ ನೋಡುವವರಿಗೆ ಎರಡು ಲೋಕ ಕಾಣುತ್ತದೆ. ಬಲಗಡೆಯವರಂಥ ಹುಡುಗರಿಗಾಗಿಯೇ ಎಡಗಡೆಯವರ ಶಾಲೆ ಹುಟ್ಟಿತ್ತೆಂಬ ಸಂಗತಿ ಚಿತ್ರದ ಚೌಕಟ್ಟಿಗೆ ಬರುವಂಥದ್ದಲ್ಲ.

ಪರಿಹಾರವಾಗಿ ಕೊಟ್ಟ ಎರಡು ಶಾಲೆಗಳ ಹಾದಿಯೂ ಕವಲೊಡೆಯಿತು. ರಗ್ಬಿಯ ಲಾರೆನ್ಸ್ ಶೆರಿಫ್ ಶಾಲೆ ಈಗ ಸರ್ಕಾರದ ಹಣದಲ್ಲಿ ನಡೆಯುವ ಗ್ರಾಮರ್ ಶಾಲೆ; ಪ್ರವೇಶ ಪರೀಕ್ಷೆಯಿದೆ, ಶುಲ್ಕವಿಲ್ಲ. ಹ್ಯಾರೋದಲ್ಲಿ ಊರಿನವರಿಗೆಂದು ತೆರೆದ ಜಾನ್ ಲಯಾನ್ ಶಾಲೆ ಈಗ ತಾನೇ ಶುಲ್ಕದ ಖಾಸಗಿ ಶಾಲೆಯಾಗಿದೆ.