ಆದಾಮನ ಪಾಪ, ಕ್ರಿಸ್ತನ ಶಿಲುಬೆ: ಒಂದು ಬೆಸುಗೆಯ ಚರಿತ್ರೆ

ಕ್ರೈಸ್ತ ದೇವಶಾಸ್ತ್ರದಲ್ಲಿ ಸೃಷ್ಟಿಕಥೆಗೂ ಪಾಪಪರಿಹಾರದ ನಂಬಿಕೆಗೂ ಗಂಟು ಹಾಕಿದವನು ಸಂತ ಪೌಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದಲ್ಲೂ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 15ನೆಯ ಅಧ್ಯಾಯದಲ್ಲೂ ಆತ ಆದಾಮನನ್ನೂ ಕ್ರಿಸ್ತನನ್ನೂ ಎದುರುಬದುರು ನಿಲ್ಲಿಸುತ್ತಾನೆ. ಒಬ್ಬನಿಂದ ಪಾಪ ಮತ್ತು ಮರಣ, ಇನ್ನೊಬ್ಬನಿಂದ ನೀತಿ ಮತ್ತು ಜೀವ. ಹಾಗಾದರೆ ಏದೆನ್ ತೋಟದ ಪ್ರಸಂಗ ನಡೆದೇ ಇಲ್ಲವೆಂದಾದಾಗ ಶಿಲುಬೆಯ ಮರಣ ಯಾವ ಪಾಪಕ್ಕೆ ಪರಿಹಾರ? ಈ ಪ್ರಶ್ನೆಯನ್ನು ನಾಸ್ತಿಕರೂ ಕೇಳುತ್ತಾರೆ, ಆದಿಕಾಂಡವನ್ನು ಅಕ್ಷರಶಃ ನಂಬುವ ಭಕ್ತರೂ ಕೇಳುತ್ತಾರೆ.

ಪ್ರಶ್ನೆಯನ್ನು ಬಿಡಿಸಿ ನೋಡಿದರೆ ಒಳಗೆ ಮೂರು ಎಳೆಗಳಿವೆ: ಮನುಷ್ಯರೆಲ್ಲರೂ ಪಾಪಕ್ಕೆ ಒಳಗಾಗಿದ್ದಾರೆ, ಆ ಪಾಪ ಇಂಥ ದಾರಿಯಿಂದ ಎಲ್ಲರಿಗೂ ಬಂತು, ಕ್ರಿಸ್ತನ ಮರಣ ಅದನ್ನು ಹೀಗೆ ನೀಗುತ್ತದೆ. ಐತಿಹಾಸಿಕ ಆದಾಮ ಅನಿವಾರ್ಯವಾಗುವುದು ನಡುವಿನ ಎಳೆಗೆ. ಆ ಎಳೆ ಬಿಗಿಯಾದದ್ದು ಯಾವಾಗ, ಸಡಿಲವಾದದ್ದು ಹೇಗೆ, ಸಡಿಲವಾದಾಗ ನಿಜವಾಗಿ ಕಳೆದದ್ದೇನು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅಗಸ್ಟೀನನಿಗಿಂತ ಮೊದಲು

ಕ್ರಿ.ಶ. 180ರ ಸುಮಾರಿಗೆ ಲಿಯೋನಿನ ಬಿಷಪ್ ಇರೇನಿಯಸ್ ಆದಾಮ, ಹವ್ವರನ್ನು ಇನ್ನೂ ಬಲಿಯದ ಮಕ್ಕಳಂತೆ ಚಿತ್ರಿಸಿದ. ಅವನ ಕಣ್ಣಿಗೆ ಅವರು ಮಾಡಿದ್ದು ಎಳೆತನದ ಎಡವಟ್ಟು, ಪರಿಪೂರ್ಣತೆಯ ಶಿಖರದಿಂದ ಬಿದ್ದ ಪತನವಲ್ಲ. ಕ್ರಿಸ್ತ ಶೈಶವದಿಂದ ಪ್ರೌಢಿಮೆಯವರೆಗೆ ಮನುಷ್ಯಜೀವನದ ಪ್ರತಿ ಹಂತವನ್ನೂ ತಾನೇ ಬಾಳಿ, ಆದಾಮ ಕೆಡಿಸಿದ್ದನ್ನು ನೇರ್ಪಡಿಸಿದ ಎಂಬುದು ಆತನ ವಿಮೋಚನೆಯ ವಿವರಣೆ. ಇರೇನಿಯಸ್ ಆದಾಮನನ್ನು ನಿಜವ್ಯಕ್ತಿಯೆಂದೇ ನಂಬಿದ್ದ, ನಿಜ. ಆದರೂ ಅವನ ವಾದದ ಭಾರ ಬೀಳುವುದು ಮನುಷ್ಯಕುಲ ಮುಟ್ಟಬೇಕಾದ ಗುರಿಯ ಮೇಲೆ.

ಇನ್ನೂ ಸ್ಪಷ್ಟ ಸಾಕ್ಷಿ ಓರಿಜೆನ್. ಮೂರನೆಯ ಶತಮಾನದ ಮೊದಲರ್ಧದಲ್ಲಿ ಆತ ಎತ್ತಿದ ಸಂದೇಹಗಳು ಇಂದಿನ ವಿಮರ್ಶಕರವೇ ಎನ್ನುವಷ್ಟು ನೇರವಾಗಿವೆ. ಸೂರ್ಯ ಹುಟ್ಟಿದ್ದು ನಾಲ್ಕನೆಯ ದಿನವಾದರೆ ಮೊದಲ ಮೂರು ದಿನಗಳಿಗೆ ಬೆಳಗು, ಬೈಗು ಎಲ್ಲಿಂದ ಬಂದವು? ದೇವರು ರೈತನಂತೆ ಗಿಡ ನೆಟ್ಟನೇ? ಹಲ್ಲಿನಿಂದ ಅಗಿದ ಹಣ್ಣು ಜೀವ ಕೊಡುತ್ತದೆಯೇ? ಇವೆಲ್ಲ ಗೂಢಾರ್ಥದ ಸಂಕೇತಗಳೆಂದು ಆತ ತೀರ್ಮಾನಿಸಿದ. ಅದೇ ಓರಿಜೆನ್ ಕ್ರಿಸ್ತನ ಪ್ರಾಣವು ಸೈತಾನನ ಸೆರೆಯಿಂದ ಮನುಷ್ಯರನ್ನು ಬಿಡಿಸಲು ತೆತ್ತ ಈಡು ಎಂದೂ ಬೋಧಿಸಿದ. ತೋಟದ ಕಥೆಯನ್ನು ಸಂಕೇತವಾಗಿ ಓದುವುದೂ ಶಿಲುಬೆಯನ್ನು ನಂಬುವುದೂ ಒಬ್ಬನಲ್ಲೇ ಕೂಡಿದ್ದವು. ಅದೂ ಡಾರ್ವಿನ್‌ಗಿಂತ ಹದಿನಾರು ಶತಮಾನ ಮೊದಲು.

ಬೆಸುಗೆ ಬಿದ್ದ ಬಗೆ

ಆದಿಕಾಂಡದ ಅಕ್ಷರಾರ್ಥವನ್ನು ಕುರಿತು ಹಿಪ್ಪೋದ ಬಿಷಪ್ ಅಗಸ್ಟೀನ್ ಬರೆದ ದೊಡ್ಡ ಗ್ರಂಥ 415ರ ಸುಮಾರಿಗೆ ಮುಗಿಯಿತು. ದೇವರು ಎಲ್ಲವನ್ನೂ ಏಕಕಾಲಕ್ಕೆ ಸೃಷ್ಟಿಸಿದ, ಆ ಆರು ದಿನಗಳು ನಮ್ಮ ದಿನಗಳಲ್ಲ ಎಂದು ಆತ ಅಲ್ಲಿ ವಾದಿಸುತ್ತಾನೆ. ದಿನಗಳ ವಿಷಯದಲ್ಲಿ ಇಷ್ಟು ಸಡಿಲವಾಗಿದ್ದವನು ಆದಾಮನ ವಿಷಯದಲ್ಲಿ ಬಿಗಿಯಾದ. ಆದಾಮನ ಪಾಪ ಸಂತತಿಗೆ ಇಳಿದುಬರುವುದಿಲ್ಲ, ಪಾಪ ಪ್ರತಿಯೊಬ್ಬನ ಸ್ವಂತ ಆಯ್ಕೆ ಎಂದ ಪೆಲಾಗಿಯಸ್‌ನೊಡನೆ ನಡೆದ ವಿವಾದದಲ್ಲಿ, ಹಸುಗೂಸಿಗೂ ದೀಕ್ಷಾಸ್ನಾನ ಏಕೆ ಬೇಕು ಎಂಬ ಪ್ರಶ್ನೆಗೆ, ಆದಾಮನ ಪಾಪದ ದೋಷ ವಂಶಪಾರಂಪರ್ಯವಾಗಿ ಬರುತ್ತದೆ ಎಂಬುದು ಆತನ ಉತ್ತರ. 418ರ ಕಾರ್ಥೇಜ್ ಸಭೆ, ಪಾಪ ಮಾಡದಿದ್ದರೂ ಆದಾಮ ಸಾಯುತ್ತಿದ್ದ ಎನ್ನುವವರನ್ನು ಬಹಿಷ್ಕರಿಸಿತು. 1546ರಲ್ಲಿ ಟ್ರೆಂಟ್ ಮಹಾಸಭೆ, ಜನ್ಮಪಾಪ ಹರಿದುಬರುವುದು ಅನುಕರಣೆಯಿಂದಲ್ಲ, ಸಂತತಿಯಿಂದ ಎಂದು ವಿಧಿಸಿತು.

ಮೂರನೆಯ ಎಳೆಗೆ ಇಂಥ ಬಿಗಿ ಎಂದೂ ಬೀಳಲಿಲ್ಲ. ನೈಸಿಯ (325), ಕ್ಯಾಲ್ಸಿಡನ್ (451) ಮಹಾಸಭೆಗಳು ಕ್ರಿಸ್ತನು ಯಾರೆಂದು ನಿರ್ಣಯಿಸಿದವು. ಅವನ ಮರಣ ಪಾಪವನ್ನು ಹೇಗೆ ಕಳೆಯುತ್ತದೆ ಎಂಬುದಕ್ಕೆ ಒಂದೇ ಸಿದ್ಧಾಂತವನ್ನು ಗೊತ್ತುಮಾಡಲಿಲ್ಲ. ಹಾಗಾಗಿಯೇ 1098ರಲ್ಲಿ ಆನ್ಸೆಲ್ಮ್ ಅದನ್ನು ದೇವರ ಗೌರವಕ್ಕೆ ಸಲ್ಲಬೇಕಾದ ಋಣವೆಂದ. ಮುಂದಿನ ಶತಮಾನದ ಅಬೆಲಾರ್ಡ್ ಮನುಷ್ಯನಲ್ಲಿ ಪ್ರೀತಿಯನ್ನು ಎಬ್ಬಿಸುವ ಪ್ರೀತಿಯೆಂದ. ಮನುಷ್ಯ ಪಾಪ ಮಾಡದಿದ್ದರೂ ದೇವರು ಮನುಷ್ಯನಾಗಿ ಬರುತ್ತಿದ್ದ ಎಂಬ ಮಾತಿಗೆ ಡನ್ಸ್ ಸ್ಕೋಟಸ್ ಬೆಂಬಲ ಕೊಟ್ಟ. ಇವರಲ್ಲಿ ಆನ್ಸೆಲ್ಮನ ವಾದ ಮಾತ್ರ ಆದಾಮನಿಗೆ ಹತ್ತಿರ: ಋಣ ತೀರಿಸುವವನು ಆದಾಮನ ಕುಲದವನೇ ಆಗಿರಬೇಕು ಎನ್ನುತ್ತಾನೆ. ಅಲ್ಲಿಯೂ ಕಾಲಮಾನಕ್ಕಿಂತ ಋಣದ್ದೇ ಮುಖ್ಯ ಲೆಕ್ಕ.

ಸಡಿಲಿಸಿದ ಮೊದಲಿಗ

ಬೆಸುಗೆಯನ್ನು ಬಿಡಿಸಲು ಧೈರ್ಯ ಮಾಡಿದವನು ಬೋರ್ಡೋದ ಐಸಾಕ್ ಲಾ ಪೇರೇರ್. ತಮ್ಮನನ್ನು ಕೊಂದ ಕಾಯಿನ ಯಾರಿಗೆ ಹೆದರಿದ? ಅವನಿಗೆ ಹೆಂಡತಿ ಎಲ್ಲಿಂದ ಬಂದಳು? ಊರು ಕಟ್ಟಿದ್ದು ಯಾರಿಗಾಗಿ? ಈ ಪ್ರಶ್ನೆಗಳಿಗೆ ಕಲ್ದೀಯರ ದೀರ್ಘ ಕಾಲಗಣನೆಯನ್ನೂ ಅಮೆರಿಕದ ಜನಾಂಗಗಳನ್ನೂ ಸೇರಿಸಿ, ಆದಾಮ ಯೆಹೂದ್ಯರಿಗೆ ಮಾತ್ರ ಮೂಲಪುರುಷ, ಉಳಿದವರು ಅವನಿಗಿಂತ ಹಿಂದಿನವರು ಎಂದು 1655ರಲ್ಲಿ ಪ್ರಕಟಿಸಿದ. ಪಾಪಪರಿಹಾರವನ್ನು ಆತ ಕೈಬಿಡಲಿಲ್ಲ. ಆದಾಮನ ಪಾಪ ಉಳಿದವರ ಲೆಕ್ಕಕ್ಕೆ ಬಂದದ್ದು ರಕ್ತಸಂಬಂಧದಿಂದಲ್ಲ, ದೇವರ ನ್ಯಾಯನಿರ್ಣಯದಿಂದ ಎಂದ. ಪುಸ್ತಕವನ್ನು ಸುಟ್ಟರು, ಅವನನ್ನು ಸೆರೆಹಿಡಿದರು. ಕೊನೆಗೆ ರೋಮಿಗೆ ಹೋಗಿ ತನ್ನ ಮಾತನ್ನು ಹಿಂತೆಗೆದುಕೊಂಡ.

ಡಾರ್ವಿನ್ ನಂತರ

1859ರಲ್ಲಿ ಡಾರ್ವಿನ್ನನ ವಿಕಾಸವಾದದ ಗ್ರಂಥ ಪ್ರಕಟವಾದ ನಂತರ ಪ್ರಶ್ನೆ ವಿದ್ವಾಂಸರ ಕೋಣೆಯಿಂದ ಹೊರಬಂತು. ಎಫ್. ಆರ್. ಟೆನೆಂಟ್ 1902ರಲ್ಲಿ ಪ್ರಕಟಿಸಿದ ಕೇಂಬ್ರಿಜ್ ಉಪನ್ಯಾಸಗಳ ಪ್ರಕಾರ ಪ್ರಾಣಿಪೂರ್ವಜರಿಂದ ಬಂದ ಹಸಿವು, ಕೋಪ, ಕಾಮಗಳು ಪಾಪವಲ್ಲ; ವಿವೇಕ ಎಚ್ಚೆತ್ತ ಮೇಲೂ ಅವುಗಳಿಗೆ ಮಣಿಯುವುದು ಪಾಪ. ಇದು ಪೆಲಾಗಿಯಸ್‌ನ ದಾರಿಯೇ ಎಂದು ಟೀಕಾಕಾರರು ಆಕ್ಷೇಪಿಸಿದರು.

ಕ್ಯಾಥೊಲಿಕ್ ಧರ್ಮಸಭೆಯ ಹೆಜ್ಜೆ ಇನ್ನೂ ಎಚ್ಚರಿಕೆಯದು. 1950ರ ವಿಶ್ವಪತ್ರದಲ್ಲಿ ಪೋಪ್ ಹನ್ನೆರಡನೆಯ ಪಯಸ್ ಮನುಷ್ಯದೇಹದ ವಿಕಾಸವನ್ನು ಚರ್ಚಿಸಲು ಅನುಮತಿ ಕೊಟ್ಟರು. ಮನುಷ್ಯಕುಲಕ್ಕೆ ಹಲವು ಮೂಲದಂಪತಿಗಳಿದ್ದರೆಂಬುದು ಜನ್ಮಪಾಪದ ಬೋಧನೆಗೆ ಹೇಗೆ ಹೊಂದೀತೆಂದು ಕಾಣುತ್ತಿಲ್ಲ ಎಂದರು. ಅಸಾಧ್ಯವೆಂದು ಹೇಳದ ಆ ವಾಕ್ಯದಲ್ಲಿ ದೇವಶಾಸ್ತ್ರಜ್ಞರು ಬಾಗಿಲಿನ ಸಂದು ಕಂಡರು. 1954ರಲ್ಲಿ ಒಂದೇ ಮೂಲವನ್ನು ಸಮರ್ಥಿಸಿದ್ದ ಕಾರ್ಲ್ ರಾಹ್ನರ್, 1967ರ ಹೊತ್ತಿಗೆ ಹಲವು ಮೂಲಗಳಿದ್ದರೂ ಬೋಧನೆಗೆ ಬಾಧಕವಿಲ್ಲವೆಂದರು. 1976ರ ಕೃತಿಯಲ್ಲಿ ಅವರು ಕೊಡುವ ಉದಾಹರಣೆ ಬಾಳೆಹಣ್ಣಿನದು. ಅದನ್ನು ಕೊಳ್ಳುವವನು ಯಾರಿಗೂ ಕೇಡು ಬಗೆದಿಲ್ಲ. ಆದರೆ ಅದರ ಬೆಲೆಯೊಳಗೆ ತೋಟದ ಕೂಲಿಗಳ ದುಃಸ್ಥಿತಿ, ಶತಮಾನಗಳ ವ್ಯಾಪಾರದ ಅನ್ಯಾಯ ಸೇರಿಕೊಂಡಿವೆ, ಅದರಲ್ಲಿ ಅವನೂ ಭಾಗಿ. ಪರರ ಅಪರಾಧದಿಂದ ಆಗಲೇ ಕಲುಷಿತವಾದ ಲೋಕದಲ್ಲೇ ಪ್ರತಿಯೊಬ್ಬನ ಸ್ವಾತಂತ್ರ್ಯ ಕಣ್ಣು ಬಿಡುತ್ತದೆ. ವಂಶವಾಹಿನಿಯ ಸ್ಥಾನಕ್ಕೆ ಹೀಗೆ ಸಮಾಜ ಮತ್ತು ಚರಿತ್ರೆ ಬಂದವು.

ಉಳಿದ ಸಮಸ್ಯೆ

ಈ ವಿವರಣೆಗಳಲ್ಲಿ ಪಾಪದ ಸಾರ್ವತ್ರಿಕತೆ ಹಾಗೇ ಉಳಿದಿದೆ, ಶಿಲುಬೆಯ ಅಗತ್ಯವೂ ಉಳಿದಿದೆ. ಪೆಟ್ಟು ಬಿದ್ದದ್ದು ಬೇರೆ ಕಡೆಗೆ. ಅಗಸ್ಟೀನನ ಚೌಕಟ್ಟಿನಲ್ಲಿ ಮನುಷ್ಯನ ಸಾವಿಗೂ ನೋವಿಗೂ ಹೊಣೆ ಆದಾಮನದು, ದೇವರು ನಿರ್ದೋಷಿ. ಮನುಷ್ಯ ಕಾಣಿಸಿಕೊಳ್ಳುವ ಕೋಟ್ಯಂತರ ವರ್ಷ ಮೊದಲೇ ಜೀವಿಗಳು ಹೋರಾಡಿ ಸಾಯುತ್ತಿದ್ದವು ಎಂದಾದಾಗ ಆ ಹೊಣೆಯನ್ನು ಹೊರಿಸಲು ಆದಾಮನಿಲ್ಲ. ದೇವಶಾಸ್ತ್ರಜ್ಞ ಜಾನ್ ಹಿಕ್ 1966ರಲ್ಲಿ ಇರೇನಿಯಸ್‌ನ ಜಾಡು ಹಿಡಿದು, ಈ ಲೋಕ ಆತ್ಮಗಳು ಪಕ್ವವಾಗುವ ಜಾಗ ಎಂದು ಉತ್ತರಿಸಲು ಯತ್ನಿಸಿದ್ದು ಇದೇ ಕಾರಣಕ್ಕೆ. ಪಕ್ವವಾಗುವ ಅವಕಾಶವೇ ಇಲ್ಲದೆ ಸತ್ತ ಜೀವಿಗಳ ಬಗ್ಗೆ ಆ ಉತ್ತರ ಸಾಲದು. ಸೃಷ್ಟಿಕಥೆಯನ್ನು ಸಂಕೇತವಾಗಿ ಓದುವ ಕ್ರೈಸ್ತರು ಪಾಪಪರಿಹಾರದ ಬಗ್ಗೆ ಅಂಜಬೇಕಾದ್ದು ಕಡಿಮೆ. ಸೃಷ್ಟಿಕರ್ತನ ಒಳ್ಳೆಯತನದ ಬಗ್ಗೆ ಅವರು ಹೊಸದಾಗಿ ವಾದಿಸಬೇಕಾಗಿದೆ.