ಸಂಕ್ರಾಂತಿಯ ಕಬ್ಬಿನ ಕಥೆ

ಯೂರೋಪಿನಲ್ಲಿ ಚಳಿಗಾಲದಲ್ಲೂ ಎಲೆ ಉದುರದ ‘ಹಾಲಿ’ ಗಿಡ ಕ್ರಿಸ್‌ಮಸ್ಸಿನ ಗುರುತು. ನಮ್ಮ ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಜನವರಿಯ ಚಳಿಯಲ್ಲಿ ಬರುವ ಸಂಕ್ರಾಂತಿಗೆ ಕಬ್ಬೇ ಗುರುತು. ಎಳ್ಳು-ಬೆಲ್ಲದೊಡನೆ ಮನೆ ಮನೆಗೆ ಬೀರುವ ಕಬ್ಬಿನ ತುಂಡು ಸುಗ್ಗಿಯ ಸಮೃದ್ಧಿಗೂ ಸವಿಮಾತಿಗೂ ಸಂಕೇತ.

ವಿದ್ಯಾರ್ಥಿಗಳೇ, ಈ ಕಬ್ಬಿಗೂ ಒಂದು ಚರಿತ್ರೆಯಿದೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಎರಡು ತಳಿಗಳ ವಿಷಯ ಬರೆದಿದ್ದಾನೆ. ರಸ್ತಾಳಿ ಈ ನಾಡಿನದೇ. ಪಟ್ಟಾಪಟ್ಟಿಯನ್ನು ಟಿಪ್ಪು ಸುಲ್ತಾನರ ಕಾಲದಲ್ಲಿ ಆರ್ಕಾಟಿನಿಂದ ತರಿಸಿದವರು ಅವರ ಅಧಿಕಾರಿ ಮುಸ್ತಫಾ ಅಲಿ ಖಾನ್. ಒಳ್ಳೆಯ ಬೆಲ್ಲಕ್ಕೆ ಅದೇ ಹೆಸರಾಯಿತು.

1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ಸಂಶೋಧನಾ ಕೇಂದ್ರ ಆರಂಭವಾಯಿತು. ಅಲ್ಲಿಯ ಹೊಸ ತಳಿಗಳು ಬಂದ ಮೇಲೆ ಹಳೆಯವು ಹಿಂದೆ ಸರಿದವು. ತಂದವರೊಬ್ಬರು, ಬೆಳೆದವರು ಹಲವರು, ಸವಿದವರು ಎಲ್ಲರೂ. ನೆರೆಮನೆಯಿಂದ ಕಬ್ಬು ಬಂದಾಗ ಇದನ್ನು ನೆನೆಯೋಣ.